ಅಟ್ರಾಜಿನ್‌ಗೆ ಸಾಯದ ಕಳೆ: ಖುಷ್ಕಿ ಮೆಕ್ಕೆಜೋಳದ ರೈತರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಖುಷ್ಕಿ. ಬಹಳ ವರ್ಷಗಳಿಂದ ಮೆಕ್ಕೆಜೋಳವನ್ನೇ ಹಾಕುತ್ತಿದ್ದೇವೆ. ಬಿತ್ತಿದ ಕೂಡಲೇ ಅಟ್ರಾಜಿನ್ ಎಂಬ ಕಳೆನಾಶಕ ಹೊಡೆಯುವುದು ರೂಢಿ. ಈಚಿನ ವರ್ಷಗಳಲ್ಲಿ ನೆಲಕ್ಕೆ ಹರಡಿ, ಗಿಣ್ಣಿನಲ್ಲಿ ಬೇರು ಬಿಟ್ಟು, ಬೆರಳಿನ ಹಾಗೆ ತೆನೆ ಬಿಡುವ ಒಂದು ಹುಲ್ಲು ಸಾಯುತ್ತಿಲ್ಲ. ಮೊದಲೆಲ್ಲ ಸಾಯುತ್ತಿದ್ದ ಕಾಡು ಹರಿವೆಯೂ ಈಗ ಅಲ್ಲಲ್ಲಿ ಉಳಿಯುತ್ತಿದೆ. ಅಂಗಡಿಯವರು ಪ್ರಮಾಣ ಎರಡು ಪಟ್ಟು ಮಾಡಿ ಎನ್ನುತ್ತಾರೆ. ಮಗ ಹೊಸ ಔಷಧಿಗೆ ಹೋಗೋಣ ಎನ್ನುತ್ತಾನೆ. ಕಳೆ ಔಷಧಿಗೆ ಒಗ್ಗಿಹೋಗಿದೆಯೇ? ಕೂಲಿಯವರು ಸಿಗದ ಈ ಕಾಲದಲ್ಲಿ ನಾವು ಏನು ಮಾಡಬೇಕು?

ಉತ್ತರ: ನೀವು ಹೇಳಿರುವ ಎರಡು ಕಳೆಗಳ ಕಥೆ ಒಂದೇ ಅಲ್ಲವಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಬೆರಳಿನಂತೆ ತೆನೆ ಬಿಡುವ ಆ ಹುಲ್ಲು ನಿಮ್ಮ ವಿವರಣೆಯ ಪ್ರಕಾರ ಡಿಜಿಟೇರಿಯಾ ಜಾತಿಯದು. ಅಟ್ರಾಜಿನ್ ಇದನ್ನು ಮೊದಲಿನಿಂದಲೂ ಅರೆಬರೆಯಾಗಿಯೇ ಹತೋಟಿ ಮಾಡುತ್ತಿತ್ತು. ಕಾಡು ಹರಿವೆಯ ವಿಷಯ ಹಾಗಲ್ಲ. ಅದು ಅಟ್ರಾಜಿನ್‌ಗೆ ಸುಲಭವಾಗಿ ಸಾಯುವ ಕಳೆ, ಮತ್ತು ಅದೇ ಕುಲದ ಗಿಡಗಳು ಅಮೆರಿಕ ಹಾಗೂ ಯುರೋಪಿನ ಮೆಕ್ಕೆಜೋಳದ ಹೊಲಗಳಲ್ಲಿ 1970ರ ದಶಕದಿಂದಲೇ ಅಟ್ರಾಜಿನ್ ವಿರುದ್ಧ ನಿರೋಧಕ ಶಕ್ತಿ ಪಡೆದಿರುವುದು ದಾಖಲಾಗಿದೆ. ಆದ್ದರಿಂದ ನಿಮ್ಮ ಹೊಲದಲ್ಲಿ ನಿಜವಾಗಿ ಸಂಶಯ ಪಡಬೇಕಾದದ್ದು ಹುಲ್ಲಿನ ಮೇಲಲ್ಲ, ಹರಿವೆಯ ಮೇಲೆ. ಪ್ರಮಾಣವನ್ನು ಎರಡು ಪಟ್ಟು ಮಾಡುವುದು ಇವೆರಡಕ್ಕೂ ಪರಿಹಾರವಲ್ಲ.

ಒಗ್ಗಿಹೋಗುವುದು ಎಂದರೆ ಏನು ಎಂಬುದನ್ನು ಮೊದಲು ತಿಳಿಯೋಣ. ಒಂದು ಗಿಡ ವರ್ಷ ವರ್ಷ ಔಷಧಿ ಕುಡಿದು ಗಟ್ಟಿಯಾಗುವುದಿಲ್ಲ. ಒಂದು ಎಕರೆಯಲ್ಲಿ ಹುಟ್ಟುವ ಲಕ್ಷಾಂತರ ಸಸಿಗಳ ಪೈಕಿ ಹುಟ್ಟಿನಿಂದಲೇ ಆ ಔಷಧಿಯನ್ನು ತಾಳಿಕೊಳ್ಳಬಲ್ಲ ಒಂದೋ ಎರಡೋ ಇರಬಹುದು. ಔಷಧಿಯು ಉಳಿದವನ್ನೆಲ್ಲ ಕೊಂದು ಇವುಗಳಿಗೆ ಜಾಗ, ಬೆಳಕು, ಗೊಬ್ಬರ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಹರಿವೆಯ ಒಂದು ದೊಡ್ಡ ಗಿಡ ಲಕ್ಷಕ್ಕೂ ಮೀರಿ ಬೀಜ ಉದುರಿಸಬಲ್ಲದು. ಮರುವರ್ಷವೂ ಅದೇ ಔಷಧಿ ಹೊಡೆದರೆ ಅದೇ ಆಯ್ಕೆ ಮತ್ತೆ ನಡೆಯುತ್ತದೆ. ಮೊದಲ ಕೆಲವು ವರ್ಷ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ಮಣ್ಣಿನಲ್ಲಿ ಬೀಜದ ದಾಸ್ತಾನು ಆಗಿಬಿಟ್ಟಿರುತ್ತದೆ. ನಮ್ಮ ದೇಶದಲ್ಲಿ ಇದರ ಕಹಿಯನ್ನು ಮೊದಲು ಉಂಡವರು ಪಂಜಾಬ್ ಮತ್ತು ಹರಿಯಾಣದ ಗೋಧಿ ಬೆಳೆಗಾರರು. ಅಲ್ಲಿ ‘ಗುಲ್ಲಿ ದಂಡಾ’ ಎಂದು ಕರೆಯುವ ಹುಲ್ಲು 1990ರ ದಶಕದ ಆರಂಭದಲ್ಲಿ ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಸಾಯದಾಯಿತು. ಗೋಧಿಯನ್ನು ಹಸಿಯಾಗಿಯೇ ಕೊಯ್ದು ದನಗಳಿಗೆ ಹಾಕಿದ ರೈತರಿದ್ದರು. ಅದರ ಬದಲಿಗೆ ಬಂದ ಹೊಸ ಔಷಧಿಗಳೂ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಶಕ್ತಿ ಕಳೆದುಕೊಂಡವು. ಆ ಎರಡನೆಯ ಭಾಗವನ್ನು ನಿಮ್ಮ ಮಗನಿಗೆ ವಿಶೇಷವಾಗಿ ಹೇಳಿ.

ಹಾಗೆಂದು ಸಾಯದ ಕಳೆಯೆಲ್ಲ ನಿರೋಧಕವೆಂದು ತೀರ್ಮಾನಿಸಬಾರದು. ನಮ್ಮ ಭಾಗದಲ್ಲಿ ಅಟ್ರಾಜಿನ್ ಸೋಲುವುದಕ್ಕೆ ನಾನು ಹೆಚ್ಚಾಗಿ ಕಾಣುವ ಕಾರಣ ಸಿಂಪಡಣೆಯ ಲೆಕ್ಕ ತಪ್ಪಿರುವುದು. ಶೇ. 50ರ ಅಟ್ರಾಜಿನ್ ಪುಡಿಗೆ ಮೆಕ್ಕೆಜೋಳದಲ್ಲಿ ಎಕರೆಗೆ 400ರಿಂದ 800 ಗ್ರಾಂ, ಅದನ್ನು ಬೆರೆಸಲು 200ರಿಂದ 280 ಲೀಟರ್ ನೀರು ಎಂಬುದು ಶಿಫಾರಸು. ಆದರೆ ಹೆಚ್ಚಿನವರು ‘ಕ್ಯಾನಿಗೆ ಇಷ್ಟು’ ಎಂದು ಬೆರೆಸಿ, ಬೇಗ ಬೇಗ ನಡೆದು, ಎಕರೆಯನ್ನು ಏಳೆಂಟು ಕ್ಯಾನಿನಲ್ಲಿ ಮುಗಿಸುತ್ತಾರೆ. ಇದನ್ನು ಪರೀಕ್ಷಿಸುವುದು ಸುಲಭ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ಒಂದು ಗುಂಟೆಯನ್ನು ಗುರುತು ಮಾಡಿ, ಕ್ಯಾನಿನಲ್ಲಿ ಬರೀ ನೀರು ತುಂಬಿ, ನೀವು ಎಂದಿನಂತೆ ನಡೆಯುವ ವೇಗದಲ್ಲೇ ಸಿಂಪಡಿಸಿ, ಎಷ್ಟು ನೀರು ಖರ್ಚಾಯಿತೆಂದು ಅಳೆಯಿರಿ. ಅದನ್ನು ನಲವತ್ತರಿಂದ ಗುಣಿಸಿದರೆ ನಿಮ್ಮ ಎಕರೆಯ ಲೆಕ್ಕ ಸಿಗುತ್ತದೆ. ಒಂದು ಗುಂಟೆಗೆ ಆರು ಲೀಟರ್ ಆಗಬೇಕಾದಲ್ಲಿ ಮೂರೇ ಲೀಟರ್ ಇಳಿದಿದ್ದರೆ, ಕ್ಯಾನಿನ ಲೆಕ್ಕದಲ್ಲಿ ಬೆರೆಸುವವರ ಹೊಲಕ್ಕೆ ಬೀಳುವ ಔಷಧಿಯೂ ಅರ್ಧವೇ. ಜೊತೆಗೆ ನಾಜಲ್ ಯಾವುದೆಂದು ನೋಡಿ. ಕೀಟನಾಶಕಕ್ಕೆ ಬಳಸುವ, ಕೋನಾಕಾರದಲ್ಲಿ ಮಂಜಿನಂತೆ ಚೆಲ್ಲುವ ನಾಜಲ್ ಕಳೆನಾಶಕಕ್ಕೆ ಹೊಂದುವುದಿಲ್ಲ. ಬೀಸಣಿಗೆಯಂತೆ ಚಪ್ಪಟೆಯಾಗಿ ಬೀಳುವ ನಾಜಲ್ ಬೇಕು.

ಎರಡನೆಯದು ಮಣ್ಣು ಮತ್ತು ಮಳೆ. ಬಿತ್ತಿದ ಕೂಡಲೇ ಹೊಡೆಯುವ ಔಷಧಿ ಕೆಲಸ ಮಾಡುವುದು ಮೇಲ್ಮಣ್ಣಿನಲ್ಲಿ ತೇವವಿದ್ದಾಗ ಮಾತ್ರ. ಒಣ ಮಣ್ಣಿನ ಮೇಲೆ ಹೊಡೆದು ಹತ್ತು ದಿನ ಮಳೆ ಬಾರದಿದ್ದರೆ ಕಳೆ ಅದರ ಕೆಳಗಿಂದಲೇ ಎದ್ದು ಬರುತ್ತದೆ. ಹೊಡೆದ ಸಂಜೆಯೇ ಮೃಗಶಿರಾ ಮಳೆ ಹುಯ್ದರೆ ಔಷಧಿ ಇಳಿಜಾರಿನ ಹಳ್ಳಕ್ಕೆ ಹೋಗುತ್ತದೆ. ನಮ್ಮ ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು ಹುಳಿ ಗುಣದವು. ಹುಳಿ ಮಣ್ಣಿನಲ್ಲಿ ಅಟ್ರಾಜಿನ್ ಮಣ್ಣಿನ ಕಣಗಳಿಗೆ ಹೆಚ್ಚು ಅಂಟಿಕೊಳ್ಳುತ್ತದೆ ಮತ್ತು ಬೇಗ ಒಡೆದುಹೋಗುತ್ತದೆ. ಆದ್ದರಿಂದ ಬಯಲುಸೀಮೆಯ ಕಪ್ಪು ನೆಲದಲ್ಲಿ ಉಳಿದಷ್ಟು ದಿನ ಅದು ಇಲ್ಲಿ ಉಳಿಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟು ಸುಣ್ಣ ಕೊಡುವುದು ಬೆಳೆಗೂ ಒಳ್ಳೆಯದು, ಕಳೆನಾಶಕದ ಕೆಲಸಕ್ಕೂ ಒಳ್ಳೆಯದು.

ಮೂರನೆಯ ಕಾರಣವೊಂದಿದೆ, ಅಂಗಡಿಗಳಲ್ಲಿ ಇದರ ಮಾತೇ ಬರುವುದಿಲ್ಲ. ಅಟ್ರಾಜಿನ್ ಅನ್ನು ಒಂದೇ ನೆಲಕ್ಕೆ ವರ್ಷಾನುಗಟ್ಟಲೆ ಹಾಕಿದಾಗ ಅದನ್ನೇ ಆಹಾರ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಆ ಮಣ್ಣಿನಲ್ಲಿ ಹೆಚ್ಚುತ್ತವೆ. ಅಂಥ ಮಣ್ಣಿನಲ್ಲಿ ವಾರಗಟ್ಟಲೆ ಉಳಿಯಬೇಕಾದ ಔಷಧಿ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಇಲ್ಲಿ ಬದಲಾದದ್ದು ಕಳೆಯಲ್ಲ, ಮಣ್ಣು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಹೊಲದಲ್ಲೇ ನಿಂತು ಒಂದಿಷ್ಟು ಪತ್ತೆ ಹಚ್ಚಬಹುದು. ಎಲ್ಲ ಜಾತಿಯ ಕಳೆಗಳೂ ಪಟ್ಟಿ ಪಟ್ಟಿಯಾಗಿ ಉಳಿದಿದ್ದರೆ ಅದು ಸಿಂಪಡಣೆಯ ದೋಷ. ಎಲ್ಲವೂ ಒಂದೇ ಎತ್ತರದಲ್ಲಿ ತಡವಾಗಿ ಎದ್ದಿದ್ದರೆ ಔಷಧಿ ಬೇಗ ಕರಗಿದೆ ಎಂದು ಅರ್ಥ. ಬೇರೆಲ್ಲ ಕಳೆ ಸತ್ತು, ಒಂದೇ ಜಾತಿಯ ಗಿಡಗಳು ಉಳಿದು, ಅದರಲ್ಲೂ ಸತ್ತ ಹರಿವೆಯ ಪಕ್ಕದಲ್ಲೇ ಅದೇ ವಯಸ್ಸಿನ ಹಸಿರು ಹರಿವೆ ನಿಂತಿದ್ದರೆ, ಹೋದ ವರ್ಷ ಹಾಸಿಗೆಯಷ್ಟಿದ್ದ ಆ ತುಂಡು ಈ ವರ್ಷ ಒಕ್ಕಣೆ ಕಣದಷ್ಟಾಗಿದ್ದರೆ, ನಿರೋಧಕ ಶಕ್ತಿಯ ಸಂಶಯ ಬಲವಾಗುತ್ತದೆ.

ಸಂಶಯವನ್ನು ಖಚಿತ ಮಾಡಿಕೊಳ್ಳಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಉಳಿದುಕೊಂಡ ಹರಿವೆಯ ಬಲಿತ ಬೀಜವನ್ನು ಈಗ ತೆಗೆದು ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಎಂದೂ ಔಷಧಿ ಕಾಣದ ಹಿತ್ತಲಿನಿಂದ ಅದೇ ಜಾತಿಯ ಹರಿವೆಯ ಬೀಜವನ್ನೂ ತೆಗೆದಿಡಿ. ಮುಂದಿನ ಏಪ್ರಿಲ್‌ನಲ್ಲಿ ಕುಂಡಗಳಿಗೆ ಎರಡು ಬಗೆಯ ಮಣ್ಣು ತುಂಬಿ: ಕೆಲವಕ್ಕೆ ಹೊಲದ ಮಣ್ಣು, ಕೆಲವಕ್ಕೆ ಅದೇ ಬಣ್ಣ, ಅದೇ ಗುಣದ ಆದರೆ ಅಟ್ರಾಜಿನ್ ಬೀಳದ ಮಣ್ಣು. ಎರಡೂ ಬೀಜಗಳನ್ನು ಎರಡೂ ಮಣ್ಣಿನಲ್ಲಿ ಬಿತ್ತಿ, ನೀರು ಕೊಟ್ಟು, ಹದಿನಾರೂವರೆ ಅಡಿ ಚೌಕದ ಕಾಲು ಗುಂಟೆ ಜಾಗದಲ್ಲಿ ಕುಂಡಗಳನ್ನು ಹರಡಿ, ಒಂದೂವರೆ ಲೀಟರ್ ನೀರಿಗೆ 5 ಗ್ರಾಂ ಅಟ್ರಾಜಿನ್ ಬೆರೆಸಿ ಆ ಜಾಗವಿಡೀ ಸಮನಾಗಿ ಬೀಳುವಂತೆ ಸಿಂಪಡಿಸಿ. ಇದು ಎಕರೆಗೆ 800 ಗ್ರಾಂ ಲೆಕ್ಕ. ಪ್ರತಿಯೊಂದು ಬಗೆಯಲ್ಲೂ ಕೆಲವು ಕುಂಡಗಳನ್ನು ಔಷಧಿ ತಾಗಿಸದೆ ದೂರವಿಡಿ. ಬೀಜ ಮೊಳೆಯುವ ಶಕ್ತಿ ಗೊತ್ತಾಗುವುದು ಅದರಿಂದಲೇ. ಮೂರು ವಾರ ಬಿಟ್ಟು ನೋಡಿ. ಔಷಧಿ ಕಾಣದ ಮಣ್ಣಿನಲ್ಲಿ ಹಿತ್ತಲ ಹರಿವೆ ಸತ್ತು ಹೊಲದ ಹರಿವೆ ಬದುಕಿದರೆ ಗಿಡ ನಿರೋಧಕವಾಗಿದೆ. ಹೊಲದ ಮಣ್ಣಿನಲ್ಲಿ ಎರಡೂ ಬದುಕಿ, ಇನ್ನೊಂದು ಮಣ್ಣಿನಲ್ಲಿ ಎರಡೂ ಸತ್ತರೆ ಮಣ್ಣು ಔಷಧಿಯನ್ನು ತಿನ್ನುತ್ತಿದೆ. ಎಲ್ಲ ಕಡೆ ಎರಡೂ ಸತ್ತರೆ ನಿಮ್ಮ ಕ್ಯಾನು, ನಾಜಲ್ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡರೆ ಸಾಕು. ಈ ಫಲಿತಾಂಶವನ್ನೂ ಬೇರು ಸಹಿತ ಗಿಡವನ್ನೂ ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದರೆ ಅಲ್ಲಿನವರಿಗೆ ನಿಮ್ಮ ಸಮಸ್ಯೆ ಅರ್ಧ ಬಿಡಿಸಿಕೊಟ್ಟಂತೆ.

ಗಿಡ ನಿರೋಧಕವೇ ಆಗಿದ್ದರೆ ಎರಡು ಪಟ್ಟು ಪ್ರಮಾಣ ಏಕೆ ಬೇಡ ಎಂಬುದಕ್ಕೆ ಬರುತ್ತೇನೆ. ಅಟ್ರಾಜಿನ್ ಗಿಡದ ಹಸಿರುಕಣದೊಳಗಿನ ಒಂದು ಪ್ರೋಟೀನಿಗೆ ಅಂಟಿಕೊಂಡು, ಬೆಳಕಿನಿಂದ ಆಹಾರ ತಯಾರಿಸುವ ಕೆಲಸವನ್ನು ನಿಲ್ಲಿಸುತ್ತದೆ. ನಿರೋಧಕ ಹರಿವೆಯಲ್ಲಿ ಆ ಪ್ರೋಟೀನಿನ ಒಂದೇ ಒಂದು ಕೊಂಡಿ ಬದಲಾಗಿದ್ದರೂ ಔಷಧಿಗೆ ಅಂಟಲು ಜಾಗ ಸಿಗುವುದಿಲ್ಲ. ಎರಡು ಪಟ್ಟು ಹಾಗಿರಲಿ, ಹತ್ತು ಪಟ್ಟು ಹೊಡೆದರೂ ಅಂಥ ಗಿಡ ಬದುಕುತ್ತದೆ. ಇನ್ನೊಂದು ಬಗೆಯ ನಿರೋಧವಿದೆ. ಮೆಕ್ಕೆಜೋಳ ಅಟ್ರಾಜಿನ್‌ಗೆ ಸಾಯದಿರುವುದು ಅದರೊಳಗಿನ ಒಂದು ಕಿಣ್ವ ಔಷಧಿಯನ್ನು ಬೇಗನೆ ನಿರ್ವಿಷ ಮಾಡುವುದರಿಂದ. ಕೆಲವು ಕಳೆಗಳಲ್ಲೂ ಅದೇ ಕೆಲಸ ನಡೆಯುತ್ತದೆ. ಈ ಬಗೆಯ ನಿರೋಧವನ್ನು ಬೆಳೆಸುವುದು ಮುಖ್ಯವಾಗಿ ಕಡಿಮೆ ಪ್ರಮಾಣದ ಸಿಂಪಡಣೆ, ಏಕೆಂದರೆ ಅರ್ಧಂಬರ್ಧ ಶಕ್ತಿಯುಳ್ಳ ಗಿಡಗಳೂ ಆಗ ಉಳಿದು ಪರಸ್ಪರ ಪರಾಗಸ್ಪರ್ಶದಿಂದ ಇನ್ನಷ್ಟು ಗಟ್ಟಿ ಸಂತತಿಯನ್ನು ಕೊಡುತ್ತವೆ. ಹೆಚ್ಚು ಹೊಡೆದರೆ ಹಿಂಗಾರಿನಲ್ಲಿ ನೀವು ಹಾಕುವ ಹುರುಳಿ, ಅಲಸಂದೆ, ಅವರೆಗೆ ಪೆಟ್ಟು. ನೀರಿನ ಚಿಂತೆಯೂ ಇದೆ. ಅಂತರ್ಜಲದಲ್ಲಿ ಸೇರುತ್ತದೆಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿಲ್ಲಿಸಿತು. ಇಷ್ಟು ಮಳೆ ಬೀಳುವ, ಬಾವಿ ಮತ್ತು ಹಳ್ಳದ ನೀರನ್ನೇ ಕುಡಿಯುವ ಮಲೆನಾಡಿನಲ್ಲಿ ಶಿಫಾರಸಿನ ಗೆರೆಯನ್ನು ದಾಟುವುದು ನಮ್ಮ ಮನೆಯವರಿಗೇ ಮಾಡುವ ಅನ್ಯಾಯ.

ಈಗ ನಿಮ್ಮ ಮಗನ ಮಾತು. ಹೊಸ ಔಷಧಿ ಎಂದು ಅವರು ಹೇಳಿರುವುದು ಟೆಂಬೊಟ್ರಿಯೋನ್ ಅಥವಾ ಟೊಪ್ರಾಮೆಜೋನ್ ಇರಬೇಕು. ಕಳೆಯ ಎಲೆಯನ್ನು ಬೆಳ್ಳಗೆ ಮಾಡಿ ಕೊಲ್ಲುವ ಔಷಧಿಗಳಿವು. ಬಿತ್ತಿದ ಹದಿನೈದರಿಂದ ಇಪ್ಪತ್ತು ದಿನಗಳೊಳಗೆ, ಕಳೆಗೆ ಎರಡರಿಂದ ನಾಲ್ಕು ಎಲೆ ಇರುವಾಗ, ಶಿಫಾರಸಾದ ಅಂಟುದ್ರಾವಣದೊಡನೆ ಸಿಂಪಡಿಸಿದರೆ ನಿಮ್ಮ ಹುಲ್ಲಿಗೂ ಹರಿವೆಗೂ ಎರಡಕ್ಕೂ ಕೆಲಸ ಮಾಡುತ್ತವೆ. ಅವರ ಸಲಹೆ ಸರಿಯೇ. ಆದರೆ ಒಂದು ವರ್ಷ ಟೆಂಬೊಟ್ರಿಯೋನ್, ಮರುವರ್ಷ ಟೊಪ್ರಾಮೆಜೋನ್ ಎಂದು ಬದಲಿಸಿದರೆ ಅದು ಬದಲಾವಣೆಯೇ ಅಲ್ಲ. ಎರಡೂ ಗಿಡದೊಳಗೆ ಒಂದೇ ಜಾಗಕ್ಕೆ ಪೆಟ್ಟು ಕೊಡುತ್ತವೆ. ಕಳೆನಾಶಕಗಳನ್ನು ಅವು ಕೊಲ್ಲುವ ವಿಧಾನದ ಪ್ರಕಾರ ಅಂತರರಾಷ್ಟ್ರೀಯವಾಗಿ ಸಂಖ್ಯೆ ಕೊಟ್ಟು ಗುಂಪು ಮಾಡಿದ್ದಾರೆ: ಅಟ್ರಾಜಿನ್ 5ನೇ ಗುಂಪು, ಪೆಂಡಿಮೆಥಾಲಿನ್ 3ನೇ ಗುಂಪು, ‘2,4-ಡಿ’ ಎಂಬ ಔಷಧಿ 4ನೇ ಗುಂಪು, ಈ ಬಿಳಿ ಮಾಡುವ ಔಷಧಿಗಳು 27, ಗ್ಲೈಫೋಸೇಟ್ 9. ಅಂಗಡಿಯಲ್ಲಿ ಡಬ್ಬಿಯ ಬಣ್ಣ, ಕಂಪನಿಯ ಹೆಸರು ಕೇಳುವ ಬದಲು ಒಳಗಿರುವ ಮೂಲ ಔಷಧಿ ಯಾವುದು, ಅದು ಎಷ್ಟನೇ ಗುಂಪು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಮಿಶ್ರಣದ ವಿಷಯದಲ್ಲೂ ಇದೇ ಎಚ್ಚರ ಬೇಕು. ಎರಡು ಗುಂಪಿನ ಔಷಧಿಗಳನ್ನು ಒಟ್ಟಿಗೆ ಹೊಡೆಯುವುದರಿಂದ ನಿರೋಧ ತಡವಾಗುವುದು, ಎರಡೂ ಅದೇ ಕಳೆಯನ್ನು ಕೊಲ್ಲಬಲ್ಲವಾದರೆ ಮಾತ್ರ. ಅಟ್ರಾಜಿನ್ ಜೊತೆ 2,4-ಡಿ ಬಳಸಿದರೆ ಹರಿವೆಗೆ ಎರಡು ಪೆಟ್ಟು ಬೀಳುತ್ತದೆ, ಆದರೆ 2,4-ಡಿ ಹುಲ್ಲನ್ನು ಮುಟ್ಟುವುದಿಲ್ಲವಾದ್ದರಿಂದ ನಿಮ್ಮ ಬೆರಳು ತೆನೆಯ ಹುಲ್ಲಿಗೆ ಅದರಿಂದ ಏನೂ ಆಗುವುದಿಲ್ಲ. ಆ ಹುಲ್ಲಿಗೆ ಬಿತ್ತಿದ ಕೂಡಲೇ ಪೆಂಡಿಮೆಥಾಲಿನ್ ಹೊಡೆಯುವುದು ಹೊಂದುತ್ತದೆ. ಬಿಳಿ ಮಾಡುವ ಗುಂಪು ಮತ್ತು ಅಟ್ರಾಜಿನ್ ಒಟ್ಟಿಗೆ ಸೇರಿದಾಗ ಒಂದರ ಕೆಲಸವನ್ನು ಇನ್ನೊಂದು ಹೆಚ್ಚಿಸುತ್ತದೆ ಎಂಬುದು ಸಾಬೀತಾದ ವಿಷಯ. ಗಡ್ಡೆಯಿಂದ ಚಿಗುರುವ ಜೇಕು ಎಂಬ ಕಳೆ ಇರುವ ತುಂಡುಗಳಿಗೆ ಬೇರೆಯದೇ ಔಷಧಿ, ಹ್ಯಾಲೋಸಲ್ಫ್ಯೂರಾನ್ ಮೀಥೈಲ್, ಬೇಕಾಗುತ್ತದೆ. ಅದನ್ನು ಇಡೀ ಹೊಲಕ್ಕೆ ಹೊಡೆಯಬೇಕಾಗಿಲ್ಲ.

ಆದರೂ ಬರೀ ಔಷಧಿಯ ಬದಲಾವಣೆಯಲ್ಲಿ ಈ ಸಮಸ್ಯೆ ಮುಗಿಯುವುದಿಲ್ಲ. ಬಿತ್ತಿದ ಇಪ್ಪತ್ತನೆಯ ದಿನ ಹೊಲ ಎಷ್ಟು ಸ್ವಚ್ಛವಾಗಿ ಕಾಣುತ್ತದೆ ಎಂಬುದರ ಮೇಲೆ ನಾವು ಔಷಧಿಯನ್ನು ಅಳೆಯುತ್ತೇವೆ. ಅಳೆಯಬೇಕಾದದ್ದು ಕೊಯ್ಲಿನ ಹೊತ್ತಿಗೆ ಎಷ್ಟು ಕಳೆಬೀಜ ನೆಲಕ್ಕೆ ಉದುರಿತು ಎಂಬುದನ್ನು. ಹುಲ್ಲಿನ ಬೀಜ ಮಣ್ಣಿನಲ್ಲಿ ಬಹುಪಾಲು ಮೂರು ನಾಲ್ಕು ವರ್ಷಗಳಲ್ಲಿ ಸಾಯುತ್ತದೆ. ಹರಿವೆಯ ಬೀಜಕ್ಕೆ ಆಯುಸ್ಸು ಅದಕ್ಕಿಂತ ಹೆಚ್ಚು. ಹೊಸ ಬೀಜ ಬೀಳದಂತೆ ಕೆಲವು ವರ್ಷ ಬಿಗಿಯಾಗಿ ನಡೆಸಿದರೆ ದಾಸ್ತಾನು ತಾನಾಗಿಯೇ ಇಳಿಯುತ್ತದೆ.

ಇದಕ್ಕೆ ನಮ್ಮ ಮಳೆಗಾಲವೇ ಒಂದು ಅನುಕೂಲ ಒದಗಿಸಿದೆ. ಭರಣಿ, ಕೃತ್ತಿಕೆ ಮಳೆಗಳು ಬಿದ್ದಾಗ ಹೊಲವನ್ನು ಹದವಾಗಿ ಉತ್ತು ಬಿಟ್ಟರೆ ಮೊದಲ ಕಂತಿನ ಕಳೆ ಹುಟ್ಟುತ್ತದೆ. ಹತ್ತು ಹನ್ನೆರಡು ದಿನ ಬಿಟ್ಟು ಕುಂಟೆಯನ್ನು ಮೇಲುಮೇಲಾಗಿ ಹೊಡೆದು ಅದನ್ನು ಸಾಯಿಸಿ. ಆಳವಾಗಿ ಹೊಡೆದರೆ ಕೆಳಗಿನ ಬೀಜ ಮೇಲೆ ಬರುತ್ತದೆ, ಅದನ್ನು ಮಾಡಬೇಡಿ. ರೋಹಿಣಿಯ ಹೊತ್ತಿಗೆ ಇನ್ನೊಂದು ಕಂತು ಎದ್ದರೆ ಅದನ್ನೂ ಹಾಗೆಯೇ ಮುಗಿಸಿ ಬಿತ್ತನೆ ಮಾಡಿ. ಬಿತ್ತನೆ ಒಂದು ವಾರ ಹಿಂದೆ ಹೋದರೂ ನಿರೋಧಕ ಬೀಜ, ಸಾಮಾನ್ಯ ಬೀಜ ಎಂಬ ಭೇದವಿಲ್ಲದೆ ಎಲ್ಲವೂ ಇಲ್ಲಿ ಸಾಯುತ್ತವೆ. ಯಾವ ಔಷಧಿಗೂ ಈ ಗುಣವಿಲ್ಲ.

ಮೆಕ್ಕೆಜೋಳಕ್ಕೆ ಕಳೆಯಿಂದ ಹೆಚ್ಚು ನಷ್ಟವಾಗುವುದು ಮೊದಲ ನಲವತ್ತೈದು ದಿನಗಳಲ್ಲಿ. ಇಪ್ಪತ್ತೈದು ಮೂವತ್ತನೆಯ ದಿನ ಎಡೆಕುಂಟೆ ಹೊಡೆದು, ಯೂರಿಯಾ ಕೊಟ್ಟು, ಬುಡಕ್ಕೆ ಮಣ್ಣೇರಿಸುವುದನ್ನು ಹಳಬರು ಬಿಡುತ್ತಿರಲಿಲ್ಲ. ಅಟ್ರಾಜಿನ್ ಬಂದ ಮೇಲೆ ಅನೇಕರು ಬಿಟ್ಟರು. ನಿಮಗೆ ನಾನು ಮೊದಲು ಹೇಳುವುದು ಅದನ್ನು ಮತ್ತೆ ಹಿಡಿಯಿರಿ ಎಂದು. ಪುನರ್ವಸು, ಪುಷ್ಯ ಮಳೆ ಬಿಡದೆ ಹಿಡಿದಾಗ ಕುಂಟೆ ಹೊಲಕ್ಕೆ ಇಳಿಯುವುದಿಲ್ಲ ಎಂಬುದು ನನಗೆ ಗೊತ್ತು. ಹಸಿ ಇಳಿಜಾರಿನಲ್ಲಿ ಕುಂಟೆ ಹೊಡೆದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅಂಥ ವರ್ಷ ಸಾಲಿನ ನಡುವೆ ಕಳೆ ಕೊಚ್ಚುವ ಯಂತ್ರ ಆಡಿಸಿ, ಕೊಚ್ಚಿದ ಸೊಪ್ಪನ್ನು ಅಲ್ಲೇ ಹೊದಿಕೆಯಾಗಿ ಬಿಡಿ. ಇಡೀ ನಾಲ್ಕು ಎಕರೆಗೆ ಕೂಲಿಯವರು ಸಿಗದಿದ್ದರೂ, ಉಳಿದ ಹರಿವೆಯ ಗಿಡಗಳನ್ನು ಹೂವಿಗೆ ಮೊದಲು ಕಿತ್ತು ಹೊಲದಿಂದ ಹೊರಗೆ ಹಾಕುವುದು ಮನೆಯವರಿಂದಲೇ ಆಗುವ ಕೆಲಸ.

ಬೆಳೆ ಬದಲಿಸುವುದು ಇವೆಲ್ಲಕ್ಕಿಂತ ಬಲವಾದ ಉಪಾಯ. ನಾಲ್ಕು ಎಕರೆಯಲ್ಲಿ ಪ್ರತಿ ವರ್ಷ ಒಂದು ಎಕರೆಯನ್ನಾದರೂ ಮೆಕ್ಕೆಜೋಳದಿಂದ ತಪ್ಪಿಸಿ ಶೇಂಗಾ, ಸಸಿ ನಾಟಿ ಮಾಡುವ ರಾಗಿ ಅಥವಾ ತೊಗರಿಗೆ ಕೊಡಿ. ಶೇಂಗಾದಲ್ಲಿ ಹುಲ್ಲನ್ನು ಮಾತ್ರ ಕೊಲ್ಲುವ ಕ್ವಿಜಾಲೋಫಾಪ್‌ನಂಥ ಬೇರೆ ಗುಂಪಿನ ಔಷಧಿ ಬಳಸಬಹುದು; ನಾಟಿ ರಾಗಿ ಕಳೆಗಿಂತ ಮೂರು ವಾರ ಮುಂದೆ ಹೊರಡುತ್ತದೆ. ಅಟ್ರಾಜಿನ್ ನಿರೋಧದಲ್ಲಿ ನಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ಆ ಪ್ರೋಟೀನಿನ ಬದಲಾವಣೆಯಿಂದ ನಿರೋಧಕವಾದ ಗಿಡಗಳು ಆಹಾರ ತಯಾರಿಸುವುದರಲ್ಲಿ ಸಾಮಾನ್ಯ ಗಿಡಗಳಿಗಿಂತ ನಿಧಾನ. ಅಟ್ರಾಜಿನ್ ಇಲ್ಲದ ವರ್ಷಗಳಲ್ಲಿ ಒತ್ತಾಗಿ ಬೆಳೆದ ಬೆಳೆಯ ನಡುವೆ ಅವು ಸ್ಪರ್ಧೆಯಲ್ಲಿ ಸೋಲುತ್ತವೆ. ಔಷಧಿಯನ್ನು ನಿರ್ವಿಷ ಮಾಡುವ ಬಗೆಯ ಗಿಡಗಳಲ್ಲಿ ಈ ದೌರ್ಬಲ್ಯ ಅಷ್ಟಾಗಿ ಕಾಣುವುದಿಲ್ಲ.

ಬೀಜ ಹೊರಗಿನಿಂದ ಬರುವ ದಾರಿಗಳನ್ನೂ ಮುಚ್ಚಬೇಕು. ಮೆಕ್ಕೆಜೋಳ ಒಕ್ಕುವ ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಬರುವಾಗ ಅದರ ಹೊಟ್ಟಿನೊಡನೆ ಕಳೆಬೀಜವೂ ಬರುತ್ತದೆ. ನಿಮ್ಮ ಕಣಕ್ಕೆ ಬರುವ ಮೊದಲು ಝಾಡಿಸಿ ತರುವಂತೆ ಹೇಳಿ. ಹಸಿ ಸಗಣಿ ಗೊಬ್ಬರ ಹಾಕಬೇಡಿ. ಗುಂಡಿಯಲ್ಲಿ ಚೆನ್ನಾಗಿ ಬಿಸಿಯೇರಿ ಕಳಿತ ಗೊಬ್ಬರದಲ್ಲಿ ಬೀಜ ಸಾಯುತ್ತದೆ. ಬದುಗಳಿಗೆ ಗ್ಲೈಫೋಸೇಟ್ ಹೊಡೆಯುವ ಪದ್ಧತಿಯನ್ನು ನಿಲ್ಲಿಸಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರಿಗೆ ಸೀಮಿತಗೊಳಿಸಿ ಆದೇಶ ಹೊರಡಿಸಿದೆ. ನಮ್ಮ ಬದುಗಳಲ್ಲೂ ಇರುವ ಕಾಡು ರಾಗಿ 1990ರ ದಶಕದಲ್ಲೇ ಮಲೇಷ್ಯಾದ ತೋಟಗಳಲ್ಲಿ ಗ್ಲೈಫೋಸೇಟ್‌ಗೆ ಸಾಯದಾಗಿದೆ. ಅದರ ಬದಲಿಗೆ ಪ್ಯಾರಾಕ್ವಾಟ್ ಕೊಡುವವರಿದ್ದರೆ ಬೇಡ ಎನ್ನಿ. ಅದು ಹೊಟ್ಟೆಗೆ ಹೋದರೆ ಪ್ರತಿವಿಷವಿಲ್ಲ. ಬದುವನ್ನು ಹೂವಿಗೆ ಮೊದಲು ಕೊಯ್ದು ದನಕ್ಕೆ ಹಾಕಿದರೆ ಸಾಕು.

ಮುಂದಿನ ಮುಂಗಾರಿಗೆ ನಿಮ್ಮ ಹೊಲಕ್ಕೆ ನಾನು ಸೂಚಿಸುವ ಕ್ರಮ ಹೀಗಿದೆ. ಹರಿವೆ ಹೆಚ್ಚಿರುವ ಎಕರೆಯನ್ನು ಮೆಕ್ಕೆಜೋಳದಿಂದ ಬಿಡಿಸಿ ಶೇಂಗಾ ಹಾಕಿ. ಉಳಿದ ಮೂರು ಎಕರೆಯಲ್ಲಿ ಕೃತ್ತಿಕೆ ಮಳೆಯ ಕಳೆಯನ್ನು ಕುಂಟೆಯಿಂದ ತೆಗೆದು, ಬಿತ್ತಿದ ಕೂಡಲೇ ತೇವದ ನೆಲಕ್ಕೆ ಶೇ. 30ರ ಪೆಂಡಿಮೆಥಾಲಿನ್ ಅನ್ನು ಎಕರೆಗೆ ಸುಮಾರು 1.3 ಲೀಟರ್ ಪ್ರಮಾಣದಲ್ಲಿ ಹೊಡೆಯಿರಿ. ಮೂರು ವಾರದೊಳಗೆ ಹೊಲ ಸುತ್ತಿ ನೋಡಿ, ಕಳೆ ಎದ್ದಿರುವ ತುಂಡುಗಳಿಗೆ ಮಾತ್ರ ಟೆಂಬೊಟ್ರಿಯೋನ್ ಬಳಸಿ, ಮಳೆ ಬಿಡುವು ಕೊಟ್ಟಾಗ ಎಡೆಕುಂಟೆ ಹೊಡೆಯಿರಿ. ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ಹಾಕುವ ಮನಸ್ಸಿದ್ದರೆ ಆ ತುಂಡಿಗೆ ಪೆಂಡಿಮೆಥಾಲಿನ್ ಮತ್ತು ಕುಂಟೆ ಇವೆರಡೇ ಸಾಕು. ಅಟ್ರಾಜಿನ್ ಅಥವಾ ಟೆಂಬೊಟ್ರಿಯೋನ್ ಬಿದ್ದರೆ ತೊಗರಿ ಉಳಿಯುವುದಿಲ್ಲ.